ರಜೆಯ ದಿನ ಡ್ಯೂಟಿಯಲ್ಲಿ ಇದ್ದವರು ಯಾರು?

ಹಬ್ಬದ ದಿನ ಕೊಲೆ ನಡೆಯುವ ಪತ್ತೇದಾರಿ ಕಾದಂಬರಿಗಳನ್ನು ಒಂದು ಕಪಾಟಿನಲ್ಲಿ, ಮುಷ್ಕರದ ನಡುವೆ ಕೊಲೆ ನಡೆಯುವವನ್ನು ಇನ್ನೊಂದು ಕಪಾಟಿನಲ್ಲಿ ಇಡುವುದು ರೂಢಿ. ಮೊದಲನೆಯದರ ಮುಖಪುಟದಲ್ಲಿ ಹಿಮ, ದೀಪ, ಕೇಕು. ಎರಡನೆಯದರಲ್ಲಿ ಚಿಮಣಿ, ಹೊಗೆ, ಬಾವುಟ. ಪ್ರಶಸ್ತಿಗಳ ಮಾತು ಬಂದಾಗಲೂ ಮೊದಲನೆಯದು ಹಗುರ ಓದು, ಎರಡನೆಯದು ಗಂಭೀರ ಸಾಹಿತ್ಯ ಅಂತ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಇವತ್ತು ನಾವು ಅನುಭವಿಸುವ ಸಂಬಳ ಸಹಿತ ರಜೆ ದುಡಿಯುವವರು ಕೇಳಿ, ಹಟ ಹಿಡಿದು ಪಡೆದದ್ದು. ಬ್ರಿಟನ್ನಿನಲ್ಲಿ ವರ್ಷಕ್ಕೆ ಒಂದೇ ಒಂದು ವಾರದ ಸಂಬಳ ಸಹಿತ ರಜೆಗೆ ಕಾನೂನಿನ ಬೆಂಬಲ ಸಿಗಲು 1938ರವರೆಗೆ ಕಾಯಬೇಕಾಯಿತು. ಹಾಗಾಗಿ ಹಬ್ಬದ ದಿನ ಕೊಲೆ ನಡೆದರೆ, ಆಸ್ತಿ ಯಾರಿಗೆ ಸೇರುತ್ತದೆ ಎನ್ನುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆವತ್ತು ಡ್ಯೂಟಿಯಲ್ಲಿ ಇದ್ದವರು ಯಾರು?

ಕಾರ್ಮಿಕರ ದಿನದ ಬೇರಿನಲ್ಲೇ ಪತ್ತೆಯಾಗದ ಒಂದು ಅಪರಾಧವಿದೆ. 1886ರ ಮೇ 4ರ ರಾತ್ರಿ ಷಿಕಾಗೋದ ಹೇಮಾರ್ಕೆಟ್‌ನಲ್ಲಿ, ಎಂಟು ಗಂಟೆ ದುಡಿಮೆಯ ಬೇಡಿಕೆಯ ಚಳವಳಿ ಕಾವೇರಿದ್ದಾಗ, ಸಭೆ ಮುಗಿಯುತ್ತಿದ್ದ ಹೊತ್ತಿನಲ್ಲಿ ಪೊಲೀಸರತ್ತ ಒಂದು ಬಾಂಬು ಬಿತ್ತು. ಎಂಟು ಜನರ ಮೇಲೆ ಮೊಕದ್ದಮೆ ನಡೆಯಿತು. ಒಬ್ಬ ಜೈಲಿನಲ್ಲೇ ಪ್ರಾಣ ಕಳೆದುಕೊಂಡ, 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು, 1893ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಉಳಿದ ಮೂವರಿಗೆ ಕ್ಷಮಾದಾನ ಕೊಟ್ಟರು. ಬಾಂಬು ಎಸೆದ ಕೈ ಯಾರದೆಂಬುದು ಇವತ್ತಿಗೂ ಖಚಿತವಾಗಿಲ್ಲ. ಮೇ ಒಂದರ ರಜೆಯ ಹಿಂದೆ ಇಂಥ ಕಥೆ ಇದೆ.

ಹಬ್ಬದ ಕಥೆ ಬರೆಯುವವರಿಗೆ ನಾನು ಹೇಳುವ ಪರೀಕ್ಷೆ ಸುಲಭ. ಕಥೆಯಿಂದ ಹಬ್ಬವನ್ನು ತೆಗೆದುಹಾಕಿ ನೋಡಿ. ಕೊಲೆಯೂ ಪತ್ತೆಯೂ ಹಾಗೇ ನಿಂತರೆ ಆ ಹಬ್ಬ ಬರೀ ತೋರಣ. ಕುಸಿದುಬಿದ್ದರೆ ಅದು ಕಂಬ.

ಕಾನನ್ ಡಾಯ್ಲ್ 1892ರ ಜನವರಿಯಲ್ಲಿ ಪ್ರಕಟಿಸಿದ ನೀಲಿ ಹರಳಿನ ಕಥೆಯನ್ನೇ ತೆಗೆದುಕೊಳ್ಳಿ. ಕದ್ದ ಹರಳು ಹೆಬ್ಬಾತಿನ ಹೊಟ್ಟೆ ಸೇರುವುದು ನಮಗೆಲ್ಲ ನೆನಪಿರುತ್ತದೆ. ಆ ಬಾತು ಒಬ್ಬ ಬಡ ಗಿರಾಕಿಯ ಕೈಗೆ ಬಂದದ್ದು ಹೇಗೆ ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಆಲ್ಫಾ ಎಂಬ ಪಬ್ಬಿನ ಮಾಲೀಕ ಒಂದು ಬಾತಿನ ಚೀಟಿ ನಡೆಸುತ್ತಾನೆ: ವಾರಕ್ಕೆ ಕೆಲವು ಪೆನ್ನಿ ಕಟ್ಟಿದರೆ ಕ್ರಿಸ್‌ಮಸ್‌ಗೆ ಒಂದು ಬಾತು. ನಮ್ಮೂರುಗಳ ಯುಗಾದಿ ಚೀಟಿ, ದೀಪಾವಳಿ ಚೀಟಿಯಂಥದ್ದೇ. ಒಟ್ಟಿಗೆ ಹಣ ಕೊಟ್ಟು ಹಬ್ಬ ಮಾಡಲಾಗದ ಜನರ ವ್ಯವಸ್ಥೆ. ಹೋಮ್ಸ್‌ಗೆ ದಾರಿ ಸಿಗುವುದು ಭೂತಗನ್ನಡಿಯಿಂದಲ್ಲ, ಕಾವೆಂಟ್ ಗಾರ್ಡನ್‌ನ ವ್ಯಾಪಾರಿಯ ಲೆಕ್ಕದ ಪುಸ್ತಕದಿಂದ. ಡಿಸೆಂಬರ್ 22, ಇಪ್ಪತ್ತನಾಲ್ಕು ಬಾತು, ತಲಾ 7 ಷಿಲಿಂಗ್ 6 ಪೆನ್ಸ್. ಆಲ್ಫಾಕ್ಕೆ ಮಾರಿದ್ದು 12 ಷಿಲಿಂಗ್‌ಗೆ. ಕ್ರಿಸ್‌ಮಸ್ ತೆಗೆದರೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ಬಾತು ಕೈ ಬದಲಾಗುವುದಿಲ್ಲ, ಕಥೆಯೇ ಇಲ್ಲ. ಇನ್ನೂ ಒಂದು ಗಮನಿಸಿ: ಹರಳು ಕದ್ದ ಆರೋಪ ಮೊದಲು ಬೀಳುವುದು ಹೋಟೆಲಿನ ಕೋಣೆಯಲ್ಲಿ ಒಲೆಯ ಸರಳಿಗೆ ಬೆಸುಗೆ ಹಾಕಲು ಬಂದಿದ್ದ ಪ್ಲಂಬರ್ ಮೇಲೆ. ಕೆಲಸಕ್ಕೆ ಬಂದವನು, ಮೇಲಾಗಿ ಹಳೆಯ ಶಿಕ್ಷೆಯ ದಾಖಲೆ ಇದ್ದವನು. ಪೊಲೀಸರಿಗೆ ಅಷ್ಟೇ ಸಾಕಾಗುತ್ತದೆ.

ಡೊರೊಥಿ ಸೇಯರ್ಸ್ ಅವರ 1934ರ 'ದಿ ನೈನ್ ಟೈಲರ್ಸ್' ಇದಕ್ಕಿಂತ ಗಟ್ಟಿ ಉದಾಹರಣೆ. ಹೊಸ ವರ್ಷದ ರಾತ್ರಿ ಒಂದು ಹಳ್ಳಿಯ ಚರ್ಚಿನಲ್ಲಿ ಎಂಟು ಗಂಟೆಗಳನ್ನು ಒಂಬತ್ತು ತಾಸು ಎಡೆಬಿಡದೆ, ಒಂದರ ನಂತರ ಒಂದು ಬಾರಿಸುವ ಕ್ರಮವನ್ನು 15,840 ಸಲ ಬದಲಿಸುತ್ತಾ ಬಾರಿಸಬೇಕು. ಬಾರಿಸುವವರಲ್ಲಿ ಒಬ್ಬ ಜ್ವರ ಹಿಡಿದು ಮಲಗಿದ್ದಾನೆ. ಹಿಮದಲ್ಲಿ ಕಾರು ಹಳ್ಳಕ್ಕಿಳಿದು ಅಲ್ಲಿಗೆ ಬಂದ ಪತ್ತೇದಾರನೇ ಅವನ ಬದಲಿ ಡ್ಯೂಟಿಗೆ ನಿಲ್ಲುತ್ತಾನೆ. ಓದದವರಿಗಾಗಿ ಗುಟ್ಟು ಬಿಡಿಸುವುದಿಲ್ಲ. ಆ ಒಂಬತ್ತು ತಾಸು ಇಲ್ಲದೆ ಆ ಕಾದಂಬರಿಯ ಸಾವೇ ಇಲ್ಲ ಎಂದಷ್ಟೇ ಹೇಳುತ್ತೇನೆ.

ರಜೆಗೂ ಪತ್ತೇದಾರಿಗೂ ಇರುವ ನಂಟನ್ನು ನಾರ್ವೆಯಷ್ಟು ಚೆನ್ನಾಗಿ ಬೆಳೆಸಿಕೊಂಡ ದೇಶ ಇನ್ನೊಂದಿಲ್ಲ. ಅಲ್ಲಿ ಈಸ್ಟರ್ ಎಂದರೆ ಕೊಲೆಯ ಕಥೆಗಳ ಕಾಲ. 1923ರಲ್ಲಿ ನೂರ್ಡಾಲ್ ಗ್ರೀಗ್ ಮತ್ತು ನಿಲ್ಸ್ ಲೀ ಎಂಬ ಇಬ್ಬರು ಯುವಕರು ಗುಪ್ತನಾಮದಲ್ಲಿ ಒಂದು ರೈಲು ದರೋಡೆಯ ಕಾದಂಬರಿ ಬರೆದರು. ಪ್ರಕಾಶಕರು ಈಸ್ಟರ್‌ಗೆ ಒಂದು ವಾರ ಮುಂಚಿನ ಶನಿವಾರ ಆಫ್ಟೆನ್‌ಪೋಸ್ಟೆನ್ ಪತ್ರಿಕೆಯ ಮುಖಪುಟದಲ್ಲಿ ಅದರ ಹೆಸರನ್ನೇ ಜಾಹೀರಾತಾಗಿ ಹಾಕಿಸಿದರು: ಕಳೆದ ರಾತ್ರಿ ಬರ್ಗೆನ್ ರೈಲು ಲೂಟಿಯಾಯಿತು. ಸುದ್ದಿಯ ತಲೆಬರಹದ ಹಾಗೇ ಕಾಣುವಂತೆ. ಜನ ಬೆಟ್ಟದ ಗುಡಿಸಲುಗಳಿಗೆ ಹೊರಟು ನಿಂತಿದ್ದ ಸಮಯ. ಮುಂದಿನ ಕೆಲವು ದಿನ ಅಂಗಡಿ ಇಲ್ಲ, ಪತ್ರಿಕೆ ಇಲ್ಲ. ಚೀಲಕ್ಕೆ ಕಿತ್ತಳೆ ಮತ್ತು ಚಾಕೊಲೇಟಿನ ಜೊತೆ ಒಂದು ಪತ್ತೇದಾರಿ ಪುಸ್ತಕ ಹಾಕಿಕೊಳ್ಳುವುದು ಅಲ್ಲಿಂದ ಪದ್ಧತಿಯಾಯಿತು. ಈಗ ಹಾಲಿನ ಪೊಟ್ಟಣದ ಮೇಲೂ ಈಸ್ಟರ್ ವೇಳೆ ಪುಟ್ಟ ಪತ್ತೇದಾರಿ ಕಥೆ ಅಚ್ಚಾಗುತ್ತದೆ. ಓದುಗನಿಗೆ ಬಿಡುವು ಇದ್ದರೆ ಮಾತ್ರ ಓದು. ಆ ಬಿಡುವೂ ಕೆಲಸದ ಕಾನೂನಿನಿಂದಲೇ ಬರುವುದು.

ಈಗ ಸಂಘಗಳ ಕಡೆ ಬರೋಣ. ಇಲ್ಲಿ ನನ್ನ ತಕರಾರು ಜೋರು. ಇಂಗ್ಲಿಷ್ ಪತ್ತೇದಾರಿ ಸಾಹಿತ್ಯದಲ್ಲಿ ಕಾರ್ಮಿಕ ಸಂಘ ಎಂದರೆ ಗುಪ್ತ ಕೊಲೆಗಡುಕರ ಕೂಟ ಎಂಬ ಅಚ್ಚು ಬಿದ್ದದ್ದಕ್ಕೆ ದೊಡ್ಡ ಕಾರಣ ಡಾಯ್ಲ್ ಅವರ ಹೋಮ್ಸ್ ಕಾದಂಬರಿ 'ದಿ ವ್ಯಾಲಿ ಆಫ್ ಫಿಯರ್'. ಅದರ ಹಿಂದಿನ ಸಾಮಗ್ರಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಲ್ಲಿ ಮೋಲಿ ಮಗ್ವಾಯರ್ ಎಂದು ಹೆಸರಾದ ಐರಿಷ್ ಗಣಿಗಾರರ ಗುಪ್ತ ಕೂಟದ ಪ್ರಕರಣ. 1873ರಲ್ಲಿ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಜೇಮ್ಸ್ ಮ್ಯಾಕ್‌ಪಾರ್ಲಂಡ್ ಎಂಬ ಬೇಹುಗಾರ ಹೆಸರು ಬದಲಿಸಿಕೊಂಡು ಐರಿಷ್ ಗಣಿಗಾರರ ನಡುವೆ ಸೇರಿಕೊಂಡ. 1875ರ ದೀರ್ಘ ಮುಷ್ಕರ ಸೋತು ಅಲ್ಲಿನ ಗಣಿ ಕಾರ್ಮಿಕರ ಸಂಘ ಮುರಿದುಬಿತ್ತು. ಆಮೇಲೆ ಮೊಕದ್ದಮೆಗಳು, ಒಟ್ಟು ಇಪ್ಪತ್ತು ಜನಕ್ಕೆ ಗಲ್ಲು. 1877ರ ಜೂನ್ 21 ಒಂದೇ ದಿನ ಹತ್ತು ಜನ. ಬೇಹುಗಾರಿಕೆ ಮಾಡಿದ್ದು ಖಾಸಗಿ ಸಂಸ್ಥೆ, ಹಿಡಿದದ್ದು ಕಂಪನಿಗಳ ಪೊಲೀಸರು, ವಾದ ಮಾಡಿದವರಲ್ಲಿ ರೈಲ್ವೆ ಕಂಪನಿಯ ಅಧ್ಯಕ್ಷ ಗೋವನ್ ಸ್ವತಃ ಇದ್ದ. ಸರ್ಕಾರದ್ದು ಕೋರ್ಟು ಮತ್ತು ನೇಣುಗಂಬ. ಈ ಕಥೆಯನ್ನು ಜಗತ್ತಿಗೆ ಹೇಳಿದ ಪುಸ್ತಕವೂ ಅದೇ 1877ರಲ್ಲಿ ಪಿಂಕರ್ಟನ್ ಹೆಸರಿನಲ್ಲೇ ಬಂತು. ಸತ್ತವರ ಪೈಕಿ ಜಾನ್ ಕೀಹೋಗೆ ರಾಜ್ಯದ ಕ್ಷಮಾದಾನ ಸಿಕ್ಕಿದ್ದು 1979ರಲ್ಲಿ, ನೂರು ವರ್ಷ ದಾಟಿದ ಮೇಲೆ.

ಅದೇ ಮ್ಯಾಕ್‌ಪಾರ್ಲಂಡ್ ಮತ್ತೆ ಕಾಣಿಸುವುದು ಒಂದು ರಜೆಯ ವಾರದ ಕೊಲೆಯಲ್ಲಿ. 1905ರ ಡಿಸೆಂಬರ್ 30, ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವೆ, ಐಡಹೋ ರಾಜ್ಯದ ಮಾಜಿ ಗವರ್ನರ್ ಸ್ಟೂನೆನ್‌ಬರ್ಗ್ ಸಂಜೆ ಮನೆಗೆ ಬಂದು ಗೇಟು ತೆರೆದಾಗ ಅಲ್ಲಿ ಕಟ್ಟಿದ್ದ ಬಾಂಬು ಸಿಡಿಯಿತು. 1899ರಲ್ಲಿ ಗಣಿ ಕಾರ್ಮಿಕರ ಮೇಲೆ ಸೈನ್ಯ ತರಿಸಿದ್ದವರು ಅವರು. ಸಿಕ್ಕಿಬಿದ್ದ ಹ್ಯಾರಿ ಆರ್ಚರ್ಡ್‌ನಿಂದ ಮ್ಯಾಕ್‌ಪಾರ್ಲಂಡ್ ತಪ್ಪೊಪ್ಪಿಗೆ ಬರೆಸಿಕೊಂಡ. ಅದರಲ್ಲಿ ಗಣಿ ಕಾರ್ಮಿಕರ ಒಕ್ಕೂಟದ ನಾಯಕರ ಹೆಸರುಗಳಿದ್ದವು. 1907ರಲ್ಲಿ ಅವರ ಪರವಾಗಿ ವಕೀಲ ಕ್ಲಾರೆನ್ಸ್ ಡ್ಯಾರೋ ವಾದಿಸಿದರು, ಆ ನಾಯಕರಲ್ಲಿ ಒಬ್ಬರಾದ ಬಿಗ್ ಬಿಲ್ ಹೇವುಡ್ ಖುಲಾಸೆಯಾದರು. ಬೇಹುಗಾರ ಬರೆಸಿದ ತಪ್ಪೊಪ್ಪಿಗೆಯನ್ನು ಆ ಜ್ಯೂರಿ ಕಣ್ಣುಮುಚ್ಚಿ ಒಪ್ಪಲಿಲ್ಲ. ಕಾದಂಬರಿಕಾರನೂ ಒಪ್ಪಬಾರದು.

ಡ್ಯಾಶಿಯಲ್ ಹ್ಯಾಮೆಟ್ ಪಿಂಕರ್ಟನ್‌ನಲ್ಲಿ ಕೆಲಸ ಮಾಡಿದವರೇ. ಆದರೂ 1929ರ 'ರೆಡ್ ಹಾರ್ವೆಸ್ಟ್'ನಲ್ಲಿ ಅವರು ಅಪರಾಧದ ಬೇರನ್ನು ಸರಿಯಾದ ಜಾಗದಲ್ಲಿ ಇಟ್ಟರು. ಗಣಿಯ ಒಡೆಯ ಮುಷ್ಕರ ಮುರಿಯಲು ಗೂಂಡಾಗಳನ್ನು ಕರೆಸುತ್ತಾನೆ. ಮುಷ್ಕರ ಮುರಿಯುತ್ತದೆ, ಗೂಂಡಾಗಳು ಊರು ಬಿಡುವುದಿಲ್ಲ. ಇಡೀ ಕಾದಂಬರಿಯ ರಕ್ತಪಾತ ಆ ಒಂದು ಬಾಡಿಗೆ ವ್ಯವಹಾರದಿಂದ ಹರಿದು ಬರುತ್ತದೆ.

ಪ್ರಶಸ್ತಿಗಳ ವಿಷಯ. ಎಡ್ಗರ್ ಪ್ರಶಸ್ತಿ ಕೊಡುವ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಹುಟ್ಟಿದ್ದು 1945ರಲ್ಲಿ. ಅಪರಾಧದಿಂದ ಲಾಭವಿಲ್ಲ ಎಂಬ ಗಾದೆಗೆ 'ಸಾಕಾಗುವಷ್ಟು' ಎಂದು ಸೇರಿಸಿ ಅದನ್ನೇ ತಮ್ಮ ಘೋಷಣೆ ಮಾಡಿಕೊಂಡವರು ಅವರು. ಬರಹದ ಕೂಲಿ ಹೆಚ್ಚಬೇಕು ಎಂಬುದೇ ಅದರ ಅರ್ಥ. ಬ್ರಿಟನ್ನಿನ ಡ್ಯಾಗರ್ ಪ್ರಶಸ್ತಿಯೂ 1953ರಲ್ಲಿ ಕಟ್ಟಿದ ಲೇಖಕರ ಸಂಘದ್ದೇ. ಎಡ್ಗರ್ ಆಯ್ಕೆ ಲೇಖಕರ ತೀರ್ಪುಗಾರ ಸಮಿತಿಗಳದ್ದು. ಟೀಪಾಟನ್ನೇ ಸ್ಮರಣಿಕೆಯಾಗಿ ಕೊಡುವ ಅಗಾಥಾ ಪ್ರಶಸ್ತಿಗೆ ಸಮಾವೇಶಕ್ಕೆ ಬಂದ ಓದುಗರು ಮತ ಹಾಕುತ್ತಾರೆ. ರಕ್ತಸಿಕ್ತ ವಿವರ ಕಡಿಮೆ ಇರುವ ಸಾಂಪ್ರದಾಯಿಕ ಕಥೆಗಳಿಗೆ ಅದು ಮೀಸಲು. ಹಬ್ಬದ ಕಥೆಗಳಿಗೆ ಹೆಚ್ಚು ಒಗ್ಗುವ ಜಾಗ ಈ ಅಗಾಥಾ. ಅಲ್ಲೇ ಉಳಿಯಲಿ ಅನ್ನುವುದು ಸರಿಯಲ್ಲ.

ಪ್ರಶಸ್ತಿ ಪಟ್ಟಿ ಯಾರನ್ನು ಬಿಡುತ್ತದೆ ಎಂದು ಲೆಕ್ಕ ಹಾಕುವುದೂ ಸಂಘದ ಕೆಲಸವೇ. ಮಹಿಳೆಯರ ಪತ್ತೇದಾರಿ ಪುಸ್ತಕಗಳಿಗೆ ವಿಮರ್ಶೆಯೂ ಪ್ರಶಸ್ತಿಯೂ ನ್ಯಾಯವಾಗಿ ಸಿಗುತ್ತಿಲ್ಲ ಎಂದು 1986ರಲ್ಲಿ ಸಾರಾ ಪ್ಯಾರೆಟ್ಸ್ಕಿ ಮತ್ತು ಇತರರು ಸೇರಿ ಸಿಸ್ಟರ್ಸ್ ಇನ್ ಕ್ರೈಮ್ ಕಟ್ಟಿದರು. ಪತ್ರಿಕೆಗಳಲ್ಲಿ ಯಾರ ಪುಸ್ತಕಕ್ಕೆ ಎಷ್ಟು ವಿಮರ್ಶೆ ಬಂತೆಂದು ಎಣಿಸುತ್ತಾ ಕೂತರು. ದೂರನ್ನು ಅಂಕಿಯ ಸಮೇತ ಮುಂದಿಟ್ಟಿದ್ದರಿಂದ ಅದನ್ನು ತಳ್ಳಿಹಾಕುವುದು ಕಷ್ಟವಾಯಿತು.

1971ರಲ್ಲಿ ಉತ್ತಮ ಕಾದಂಬರಿಯ ಎಡ್ಗರ್ ಪಡೆದ 'ದಿ ಲಾಫಿಂಗ್ ಪೊಲೀಸ್‌ಮನ್' ನನ್ನ ವಾದಕ್ಕೆ ಹೇಳಿಮಾಡಿಸಿದಂತಿದೆ. ಸ್ವೀಡನ್ನಿನ ಎಡಪಂಥೀಯ ಜೋಡಿ ಶೋವಾಲ್ ಮತ್ತು ವಾಲೂ ಬರೆದದ್ದು. 1967ರ ನವೆಂಬರ್ 13ರ ರಾತ್ರಿ ಸ್ಟಾಕ್‌ಹೋಮಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಗುಂಡಿನ ದಾಳಿ. ಆ ಹೊತ್ತಿಗೆ ಪೊಲೀಸರೆಲ್ಲ ಅಮೆರಿಕದ ರಾಯಭಾರ ಕಚೇರಿ ಮುಂದಿನ ವಿಯೆಟ್ನಾಂ ಪ್ರತಿಭಟನೆಯ ಬಂದೋಬಸ್ತಿನಲ್ಲಿ. ಡ್ಯೂಟಿಯಲ್ಲಿ ಯಾರು, ಎಲ್ಲಿ ಎಂಬ ಪ್ರಶ್ನೆ ಮೊದಲ ಪುಟದಿಂದಲೇ ಶುರು. ಸತ್ತವರಲ್ಲಿ ಒಬ್ಬ ಪತ್ತೇದಾರನೂ ಇದ್ದಾನೆ, ಅವನು ಆ ಬಸ್ಸಿನಲ್ಲಿ ಡ್ಯೂಟಿ ಮೇಲಿದ್ದನೋ ಇಲ್ಲವೋ ಎಂಬುದೇ ತನಿಖೆಯ ಗಂಟು. ತನಿಖೆ ಎಳೆದು ಎಳೆದು ಕ್ರಿಸ್‌ಮಸ್ ಬರುತ್ತದೆ. ನಗುವುದನ್ನೇ ಮರೆತ ತನಿಖಾಧಿಕಾರಿ ಮಾರ್ಟಿನ್ ಬೆಕ್‌ಗೆ ಮಗಳು ನಗುವ ಪೊಲೀಸನ ಹಾಡಿನ ರೆಕಾರ್ಡು ಉಡುಗೊರೆ ಕೊಡುತ್ತಾಳೆ. ಹಬ್ಬವೂ ದುಡಿಮೆಯೂ ಒಂದೇ ಕಪಾಟಿನಲ್ಲಿ ಇರಬಲ್ಲವು.

ಕನ್ನಡದಲ್ಲಿ ಇಂಥದ್ದು ಬರೆಯುವವರಿಗೆ ಸಾಮಗ್ರಿ ಮನೆಬಾಗಿಲಲ್ಲೇ ಇದೆ. ಪತ್ತೇದಾರರ ಅಚ್ಚುಮೆಚ್ಚಿನ ಬೆರಳಚ್ಚನ್ನೇ ನೋಡಿ: 1930ರಲ್ಲಿ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕೆಂಬ ಕ್ರಮದ ವಿರುದ್ಧ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಶುರುವಾದ ಮುಷ್ಕರ 77 ದಿನ ನಡೆಯಿತು. ಅದರ ಮಧ್ಯೆ ಸಂಬಳವಿಲ್ಲದ ಸಂಕ್ರಾಂತಿ. ಎಳ್ಳುಬೆಲ್ಲಕ್ಕೂ ಸಾಲ ಮಾಡಬೇಕಾದ ಕಾಲೊನಿಯಲ್ಲಿ ಒಂದು ಮನೆಗೆ ಮಾತ್ರ ಹೊಸ ಬಟ್ಟೆ ಬಂದರೆ, ಅಲ್ಲಿಂದಲೇ ಕಥೆ ಹುಟ್ಟಬಹುದು.

ಆದರೆ ನಮ್ಮಲ್ಲಿ ಪತ್ತೇದಾರಿಗೆ ಆಯುಧಪೂಜೆಯಂಥ ಹಬ್ಬ ಇನ್ನೊಂದಿಲ್ಲ. ಹಿಮ ಬೀಳದ ನಮ್ಮ ನಾಡಿನಲ್ಲಿ ಹೊರಗಿನವರು ಒಳಗೆ, ಒಳಗಿನವರು ಹೊರಗೆ ಹೋಗಲಾಗದ ಬಂಗಲೆ ಎಲ್ಲಿಂದ ತರುವುದು ಎನ್ನುತ್ತಾರೆ. ರಜೆಯ ದಿನದ ಕಾರ್ಖಾನೆಯೇ ಆ ಬಂಗಲೆ. ಒಳಗಿರುವವರು ಬೆರಳೆಣಿಕೆಯಷ್ಟು: ವಾಚ್‌ಮನ್, ಬಾಯ್ಲರ್ ಆರಿಸಲಾಗದಿದ್ದರೆ ಅದಕ್ಕೆ ಸರ್ಟಿಫಿಕೇಟ್ ಇರುವ ಅಟೆಂಡೆಂಟ್, ಒಬ್ಬ ಎಲೆಕ್ಟ್ರಿಷಿಯನ್, ಪಂಪಿನವನು. ಎಂಬತ್ತರ ದಶಕದ ಕಥೆಯಾದರೆ ಕಾಗದಗಳನ್ನು ಸರಿಯಾಗಿ ಇಡಿ. ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಪ್ರಕಾರ ರಜೆಯ ದಿನ ದುಡಿದವನಿಗೆ ಎರಡರಷ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬೇರೊಂದು ದಿನ ರಜೆ. ಅಂದರೆ ಆವತ್ತು ಊರಿನಲ್ಲಿದ್ದೆ ಎನ್ನುವವನ ಸುಳ್ಳು ಮುಂದಿನ ತಿಂಗಳ ಸಂಬಳದ ಚೀಟಿಯಲ್ಲಿ ಬಯಲಾಗುತ್ತದೆ. ಬೋನಸ್ಸಿಗೆ 1965ರ ಕಾಯ್ದೆ: ಕನಿಷ್ಠ ಶೇ. 8.33, ಗರಿಷ್ಠ ಶೇ. 20, ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿಯಲ್ಲಿ ಮಾತುಕತೆ ಬಿಸಿಯೇರುವುದು ಸರಿಯಾಗಿ ದಸರಾ ದೀಪಾವಳಿ ಹೊತ್ತಿಗೆ. ಮುಷ್ಕರವೂ ಸೇರಿದರೆ ಗೇಟಿನಲ್ಲಿ ಎರಡು ಲೆಕ್ಕ ಇರುತ್ತವೆ: ಸೆಕ್ಯುರಿಟಿಯ ರಿಜಿಸ್ಟರು ಒಂದು, ಮುಷ್ಕರ ಮುರಿದು ಒಳಹೋದವರ ಹೆಸರು ಬರೆದುಕೊಂಡ ಸಂಘದವರ ನೋಟ್‌ಬುಕ್ ಇನ್ನೊಂದು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಹೆಸರನ್ನು ಹಿಡಿಯಿರಿ.

ಇನ್ನು ಗೇಟಿನ ಬಳಿಯ ಕೆಂಪು ಕಲೆ. ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ, ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ ದೃಷ್ಟಿ ತೆಗೆದು ಒಡೆದಿರುತ್ತಾರೆ. ಆ ಕೆಂಪಿನೊಳಗೆ ರಕ್ತ ಅಡಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪತ್ತೇದಾರನಿಗೆ ದೊಡ್ಡ ಲ್ಯಾಬ್ ಬೇಡ, ಲಾರಿಯ ಚಕ್ರದಡಿ ಇಟ್ಟ ನಿಂಬೆಹಣ್ಣುಗಳಲ್ಲಿ ಒಂದು ಸಾಕು. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮದ ಮೇಲೆ ನಿಂಬೆರಸ ಬಿದ್ದರೆ ಕೆಂಪು ಹೋಗಿ ಅರಿಶಿನದ ಹಳದಿ ಮರಳುತ್ತದೆ, ಸುಣ್ಣದ ಕ್ಷಾರವನ್ನು ಹುಳಿ ಮುರಿಯುತ್ತದೆ. ರಕ್ತ ಹಳದಿಯಾಗುವುದಿಲ್ಲ, ಒಣಗುತ್ತಾ ಕಂದಾಗುತ್ತದೆ. ಆದರೆ ಅಂಗಡಿಯ ಬಣ್ಣದ ಪುಡಿಯಾದರೆ ಅದೂ ಹಳದಿಗೆ ತಿರುಗದು, ಪರೀಕ್ಷೆ ದಾರಿ ತಪ್ಪಿಸುತ್ತದೆ. ಆದ್ದರಿಂದ ಆವತ್ತಿನ ಪೂಜೆಗೆ ಕುಂಕುಮ ಯಾರ ಮನೆಯಿಂದ ಬಂತು ಎಂಬುದನ್ನು ಮೊದಲ ಅಧ್ಯಾಯದಲ್ಲೇ, ಹಣ್ಣುಕಾಯಿಯ ಪಟ್ಟಿಯ ನಡುವೆ, ಓದುಗನ ಕಣ್ಣಿಗೆ ಬೀಳುವಂತೆ ಒಂದು ಸಾಲು ಬರೆದಿಡಿ.