ಅಗಿಯಬೇಡಿ, ನುಂಗಿ

ಕಳೆದ ಭಾನುವಾರದ ಹೋಟೆಲ್ ಬಿಲ್ಲು ಇನ್ನೂ ನನ್ನ ಅಂಗಿಯ ಜೇಬಿನಲ್ಲಿದೆ. ತೆಗೆದು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಎಸೆಯಲು ಮಾತ್ರ ಮನಸ್ಸಾಗುವುದಿಲ್ಲ. ರಾಗಿ ಮುದ್ದೆ ಒಂದಕ್ಕೆ 180 ರೂಪಾಯಿ! ಬಸ್ಸಾರಿನ ಲೆಕ್ಕ ಬೇರೆ, ಮೇಲೆ ಬಿಟ್ಟ ಒಂದು ಮಿಳ್ಳೆ ತುಪ್ಪದ ಲೆಕ್ಕ ಬೇರೆ. ಅದೇ ಪಟ್ಟಿಯಲ್ಲಿ ಮಜ್ಜಿಗೆ, ಈರುಳ್ಳಿ ಹಾಕಿದ ತಂಗಳನ್ನವೂ ಇತ್ತು. ಮಣ್ಣಿನ ಕುಡಿಕೆಯಲ್ಲಿ, 160ಕ್ಕೆ. ಅದರ ಕೆಳಗಿನ ಸಾಲಿನಲ್ಲಿ ಬಿಸಿ ಅನ್ನ, 90. ಅನ್ನ ಹಳೆಯದಾದಷ್ಟೂ ಬೆಲೆ ಏರುವುದಾದರೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ಈಗಾಗಲೇ ಒಂದು ನಿವೇಶನದ ದುಡ್ಡಿದೆ.

ಕರೆದುಕೊಂಡು ಹೋದವರು ನನ್ನ ಷಡ್ಡಕರು. ವಯಸ್ಸಿನಲ್ಲಿ ಹಿರಿಯರು, ಆದ್ದರಿಂದ ಭಾವ ಎನ್ನುತ್ತೇನೆ. ಎದುರು ಮಾತಾಡುವುದಿಲ್ಲ, ಹೀಗೆ ಬರೆದು ತೀರಿಸಿಕೊಳ್ಳುತ್ತೇನೆ. "ಇವತ್ತಿನ ಊಟ ನನ್ನದು" ಎಂದು ಕರೆಯುವುದು, ಬಿಲ್ಲು ಬರುವ ಗಳಿಗೆಗೆ ಸರಿಯಾಗಿ ಕೈ ತೊಳೆಯಲು ಹೋಗುವುದು ಅವರ ಹಳೆಯ ಪದ್ಧತಿ. ಅದಕ್ಕೆ ನಾವೆಲ್ಲ ಒಗ್ಗಿದ್ದೇವೆ. ಸಕ್ಕರೆ ಕಾಯಿಲೆ ಪತ್ತೆಯಾದಂದಿನಿಂದ ಹತ್ತಿಕೊಂಡಿರುವ ಹೊಸ ಚಟಕ್ಕೆ ಮಾತ್ರ ಒಗ್ಗಲಾಗುತ್ತಿಲ್ಲ. ಅವರೀಗ ರಾಗಿಯ ಪ್ರಚಾರಕರು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಂತೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತಂತೆ. ಅದೇ ವರ್ಷ ಜೂನ್‌ನಲ್ಲಿ ನಮ್ಮ ಪ್ರಧಾನಿಗೆ ಶ್ವೇತಭವನದ ಔತಣದಲ್ಲಿ ಸಿರಿಧಾನ್ಯದ ಸಲಾಡ್ ಬಡಿಸಿದ್ದರಂತೆ. ಎಲ್ಲವೂ ನಿಜವೇ. ಆದರೆ ಮಂಡ್ಯ ಸೀಮೆಯಲ್ಲಿ ಹುಟ್ಟಿ, ಹಲ್ಲು ಬರುವ ಮೊದಲೇ ರಾಗಿ ಸರಿ ನೆಕ್ಕಿ ಬೆಳೆದ ನನಗೆ, ಅನ್ನದ ಮನೆಯಲ್ಲಿ ಬೆಳೆದ ಜಯನಗರದ ಭಾವ ಇದನ್ನು ಬೆರಳೆತ್ತಿ ಹೇಳುವಾಗ ಏನೆನ್ನಬೇಕೋ ತೋಚುವುದಿಲ್ಲ. ತಲೆಯಾಡಿಸುತ್ತೇನೆ.

ಹೋಟೆಲಿನ ಗೋಡೆಯ ಮೇಲೆ "ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ" ಎಂದು ದೊಡ್ಡದಾಗಿ ಬರೆದಿದ್ದರು. ಕಂಚಿನ ತಟ್ಟೆಯ ನಡುವೆ ಬಂದು ಕುಳಿತ ಮುದ್ದೆಯಾದರೋ ನಿಂಬೆಹಣ್ಣಿನ ಗಾತ್ರದ್ದು. ಅದನ್ನು ತಿಂದವನು ಬೆಟ್ಟವಿರಲಿ, ಕೂತ ಕುರ್ಚಿಯನ್ನೂ ಹಿಂದಕ್ಕೆ ಎಳೆಯಲಾರ. ಮುದ್ದೆಯ ನೆತ್ತಿಯಲ್ಲಿ ಒಂದು ಕೊತ್ತಂಬರಿ ಎಲೆ, ಪಕ್ಕದಲ್ಲಿ ಮುಳ್ಳುಚಮಚ, ಮೇಜಿನ ಮೇಲೆ "ಮುದ್ದೆ ಉಣ್ಣುವ ವಿಧಾನ" ಎಂಬ ಫಲಕ: ಮುರಿಯಿರಿ, ಉರುಳಿಸಿ, ಅದ್ದಿ, ಅಗಿಯಬೇಡಿ, ನುಂಗಿ.

ಬಡಿಸಲು ಬಂದ ಹುಡುಗ ನನ್ನ ಮುಖದಲ್ಲಿ ಏನು ಕಂಡನೋ, ಫಲಕದಲ್ಲಿದ್ದುದನ್ನೇ ಕೈಸನ್ನೆಯಲ್ಲಿ ಮತ್ತೊಮ್ಮೆ ಕಲಿಸಿದ. ಯಾವೂರಪ್ಪ ಎಂದೆ. ಒಡಿಶಾದ ಕೋರಾಪುಟ್ ಕಡೆಯವನು. ಅವರಲ್ಲೂ ರಾಗಿಯೇ, ಮಂಡಿಯಾ ಎನ್ನುತ್ತಾರೆ, ಗಂಜಿ ಮಾಡಿ ಕುಡಿದು ಹೊಲಕ್ಕೆ ಹೋಗುತ್ತಾರೆ. ಇಲ್ಲಿ ನಿನಗೂ ಮುದ್ದೆ ಕೊಡುತ್ತಾರೇನು ಎಂದು ಕೇಳಿದೆ. ಕೆಲಸದವರಿಗೆಲ್ಲ ಅನ್ನ ಎಂದು ನಕ್ಕ. ಆ ಊಟದಲ್ಲಿ ನನಗೆ ರುಚಿಸಿದ್ದು ಅವನ ಜೊತೆಗಿನ ಎರಡು ಮಾತು ಮಾತ್ರ.

ಅಷ್ಟರಲ್ಲಿ ಭಾವ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿ ವಿಡಿಯೋ ಶುರುಮಾಡಿದ್ದರು. "ನೋಡಿ, ನಮ್ಮ ಪೂರ್ವಜರ ಆಹಾರ" ಎಂದು ನಾಂದಿ ಹಾಡಿದರು. ಯಾರ ಪೂರ್ವಜರು ಎಂದು ನಾನು ಕೇಳಲಿಲ್ಲ. ಮುರಿದರು, ಉರುಳಿಸಿದರು, ಅದ್ದಿದರು. ಬಾಯಿಗಿಟ್ಟುಕೊಂಡ ಮೇಲೆ ಅಭ್ಯಾಸಬಲ ಬಿಡಬೇಕಲ್ಲ, ಅಗಿದರು. ಅಗಿದ ಮುದ್ದೆಗಿಂತ ದೊಡ್ಡ ಅಂಟು ಯಾವ ಅಂಗಡಿಯಲ್ಲೂ ಸಿಗದು. ಮೊದಲು ಹಲ್ಲಿಗೆ ಹತ್ತಿತು. ಬಿಡಿಸಲು ನಾಲಿಗೆ ಕಳಿಸಿದರು. ನಾಲಿಗೆಯೂ ಅಲ್ಲೇ ಉಳಿಯಿತು. ಆದರೂ ಉಪನ್ಯಾಸ ನಿಲ್ಲಿಸುವ ಪೈಕಿ ಅವರಲ್ಲ. "ಇದರಲ್ಲಿ ಕ್ಯಾ... ಕ್ಯಾ..." ಎಂದರು. ಕ್ಯಾಲ್ಸಿಯಂ ಹೊರಗೆ ಬರಲೇ ಇಲ್ಲ. ಒಂದು ಬೆರಳು ಮೇಲೆತ್ತಿ, ತಡೆಯಿರಿ ಎಂದು ಮೊಬೈಲಿಗೆ ಸನ್ನೆ ಮಾಡಿ, ಇನ್ನೊಂದು ಬೆರಳನ್ನು ಬಾಯಿಗೆ ಹಾಕಿ ಅಂಗುಳನ್ನು ಕೆರೆಯತೊಡಗಿದರು. ಪಕ್ಕದ ಮೇಜಿನ ಮಗುವೊಂದು ತನ್ನ ಊಟ ಬಿಟ್ಟು ಇವರನ್ನೇ ನೋಡುತ್ತಿತ್ತು. ನೀರು ಕುಡಿಯಲೆಂದು ಜಗ್ಗು ಎತ್ತಿದ್ದೇ ತಡ, ಒರಗಿಸಿದ್ದ ಮೊಬೈಲು ಬಸ್ಸಾರಿನ ಬಟ್ಟಲಿಗೆ ಮಕಾಡೆ ಬಿತ್ತು. ನನ್ನ ಹೆಂಡತಿ ಮೇಜಿನ ಕೆಳಗೆ ಕಾಲು ತುಳಿಯದಿದ್ದರೆ ನಾನು ಗಟ್ಟಿಯಾಗಿಯೇ ನಕ್ಕುಬಿಡುತ್ತಿದ್ದೆ.

ಇದೇ ಭಾವ, ಇಬ್ಬರದೂ ಹೊಸ ಮದುವೆಯಾಗಿದ್ದ ಕಾಲದಲ್ಲಿ, ನಮ್ಮೂರ ಜಾತ್ರೆಗೆ ಬಂದಿದ್ದರು. ಅಡುಗೆಮನೆಗೆ ಇಣುಕಿ, "ಇದನ್ನು ದಿನಾ ತಿನ್ನುತ್ತೀರಾ, ಪಾಪ" ಎಂದಿದ್ದರು. ಅವರೊಬ್ಬರದೇ ತಪ್ಪೆನ್ನಲಾರೆ, ಆಗ ಎಲ್ಲರೂ ಹಾಗೆಯೇ ಇದ್ದರು. ನನ್ನ ಚಿಕ್ಕಂದಿನಲ್ಲಿ, ನೆಂಟರು ಬಸ್ಸಿಳಿದರೆಂದು ಸುದ್ದಿ ಬಂದೊಡನೆ ಅವ್ವ ಹಿಟ್ಟಿನ ಮಡಕೆಯನ್ನು ಒಲೆಯ ಹಿಂದಕ್ಕೆ ಸರಿಸಿ ಮೇಲೊಂದು ಮಂಕರಿ ಬೋರಲು ಹಾಕುತ್ತಿದ್ದಳು. ನನ್ನನ್ನು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಅಟ್ಟುತ್ತಿದ್ದಳು, ಒಂದು ಸೇರು ಅಕ್ಕಿ ಕಡ ತರಲು. ನೆಂಟರು ಅನ್ನ ಉಂಡು ಜಗಲಿಗೆ ಹೋದ ಮೇಲೆ ಮಂಕರಿ ತೆಗೆಯುತ್ತಿದ್ದಳು. ಆರಿದ ಮುದ್ದೆಯ ಮೇಲೆ ಒರಟು ಪೊರೆಯೊಂದು ಕಟ್ಟಿರುತ್ತದೆ. ಅದನ್ನು ಉಗುರಿನಿಂದ ಬಿಡಿಸಿ ನಾಯಿಗೆ ಹಾಕಿ, ಒಳಗಿನದನ್ನು ತಳದ ಸಾರಿಗೆ ಅದ್ದಿ, ಯಾರೂ ಬರುವ ಮೊದಲೇ ಉಂಡು ಮುಗಿಸುತ್ತಿದ್ದಳು.

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಹೋದ ಹಾಗೆಯೇ ಗಟ್ಟಿಮುಟ್ಟಾಗಿ ಹೊರಬರುತ್ತದೆ. ರಾಗಿಯ ಪರ ಆ ತೀರ್ಪು ಬಂದು ನಾಲ್ಕು ಶತಮಾನ ದಾಟಿದೆ. ಅದರ ಪ್ರತಿ ಭಾವನ ಕೈ ಸೇರಿದ್ದು ಮೊನ್ನೆ ಮೊನ್ನೆ, ಅದೂ ಸಕ್ಕರೆ ಕಾಯಿಲೆ ಡಾಕ್ಟರ ಚೀಟಿಯ ಮೂಲಕ.

ರಾಗಿಗೆ ಮರ್ಯಾದೆ ಬಂದದ್ದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಮರ್ಯಾದೆಯೆಲ್ಲ ತಟ್ಟೆಗೇ ಬಂತಲ್ಲ, ಬೆಳೆದವನವರೆಗೆ ಹೋಗಲಿಲ್ಲವಲ್ಲ ಎಂಬುದು ನನ್ನ ತಕರಾರು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಕಿಲೋಗೆ ಐವತ್ತೂ ಇಲ್ಲ. ಹೊಟ್ಟೆ ತುಂಬುವಂಥ ಮುದ್ದೆಯೊಂದಕ್ಕೆ ನೂರು ಗ್ರಾಂ ಹಿಟ್ಟೆಂದರೂ ರೈತನ ಪಾಲು ಐದು ರೂಪಾಯಿ. ಮಿಕ್ಕ 175 ಬಹುಶಃ ಆ ಕೊತ್ತಂಬರಿ ಎಲೆಯದು.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಬಸ್ಸಾರಿಗೆ ಬಿದ್ದ ಮೊಬೈಲು ಹೇಗೋ ಬದುಕಿದೆ, ಧ್ವನಿ ಮಾತ್ರ ಕೊಂಚ ಗೊಗ್ಗರು. ಅವರ ಫ್ಲ್ಯಾಟಿನ ಹಜಾರದ ಗೋಡೆಗೆ ನೇತುಹಾಕಲು ಹಳೆಯ ಮುದ್ದೆಕೋಲು, ಕವೆಗೋಲು ಬೇಕಂತೆ. "ನಿಮ್ಮೂರಲ್ಲಿ ಸಿಗುತ್ತದಲ್ಲ? ತುದಿ ಸ್ವಲ್ಪ ಸುಟ್ಟಿದ್ದರೆ ಇನ್ನೂ ಚೆಂದ" ಎಂದರು. ಅವ್ವನ ಕೋಲು ಈಗ ಅತ್ತಿಗೆಯ ಕೈಯಲ್ಲಿದೆ, ದಿನಾ ಎರಡು ಹೊತ್ತು ಹಿಟ್ಟು ತೊಳಸುತ್ತದೆ, ಅದನ್ನು ಕೊಡುವ ಮಾತೇ ಇಲ್ಲ. ಆದರೂ ಬೆಲೆ ಕೇಳಿದರಲ್ಲ ಎಂದು ಮೂರು ಸಾವಿರ ಎಂದೆ, ಕವೆಗೋಲಿನದು ಬೇರೆ, ಜಿಎಸ್‌ಟಿ ಬೇರೆ. ಕಮಕ್ ಕಿಮಕ್ ಎನ್ನದೆ ಒಪ್ಪಿಬಿಟ್ಟರು. ಅತ್ತಿಗೆ ಈಗ ಸೌದೆ ರಾಶಿಯಲ್ಲಿ ಹುಡುಕುತ್ತಿದ್ದಾರೆ.