ಯಾವ ಮಾಮಾ?

ಮುಂಬಯಿಯ ಆಸ್ಪತ್ರೆಗಳಲ್ಲಿ ವಾರ್ಡ್‌ಬಾಯ್‌ನನ್ನು ‘ಮಾಮಾ’ ಅಂತಲೇ ಕರೆಯೋದು. ಟ್ರಾಫಿಕ್ ಪೊಲೀಸನೂ ಮಾಮಾನೇ. ಕಲಬುರಗಿ ಕಡೆಯಿಂದ ಬಂದು ಧಾರಾವಿಯಲ್ಲಿರುವ ಮನೆಯ ಮಗುವಿಗೆ ಅವ್ವನ ತಮ್ಮನೂ ಮಾಮಾ, ಪಕ್ಕದ ಖೋಲಿಯವನೂ (ಕೋಣೆಯವನೂ) ಮಾಮಾ. ಆ ಮಗು ‘ಮಾಮಾ ಮುಟ್ಟಿದ’ ಅಂದಾಗ, ಮಗುವಿನ ಕನ್ನಡವನ್ನು ಪೊಲೀಸರಿಗೆ ಮರಾಠಿಯಲ್ಲಿ ಹೇಳಲು ನಿಂತ ಅನುವಾದಕರು ‘ಸೋದರಮಾವ’ ಎಂದು ಬರೆಸಿಬಿಟ್ಟರೆ ಪೊಲೀಸರು ತಪ್ಪು ಬಾಗಿಲು ತಟ್ಟುತ್ತಾರೆ. ‘ಯಾವ ಮಾಮಾ? ಎಲ್ಲಿರ್ತಾನ?’ ಅಂತ ಕೇಳಿದ್ದರೆ ಮುಗಿಯುತ್ತಿತ್ತು.

ಇನ್ನೊಂದು ನೋಡಿ. ‘ಹೊಟ್ಟಿ ಕಡೀಲಾಕತ್ತದ’ ಅಂದರೆ ಹೊಟ್ಟೆ ಹಿಂಡಿದಂಥ ನೋವು. ಅನುವಾದಕ್ಕೆಂದು ಎದುರಿನ ಹೋಟೆಲಿನಿಂದ ಎಳೆದು ತಂದ ಕರಾವಳಿಯವರಿಗೆ ಅದು ತುರಿಕೆ ಅನಿಸಬಹುದು. ಪಾಪ, ಅವರ ತಪ್ಪಲ್ಲ. ಆದರೆ ಅಪೆಂಡಿಕ್ಸ್ ನೋಡಬೇಕಾದ ಕಡೆ ಮುಲಾಮು ಬರುತ್ತದೆ.

ನೋವೆಷ್ಟೆಂದು ಮಗು ಬೆರಳಿಟ್ಟು ತೋರಿಸುವ ಮುಖಗಳ ಚಾರ್ಟ್‌ನಲ್ಲೂ ಇದೇ ಎಡವಟ್ಟು. ಆರು ಮುಖ, ನೋವಿಲ್ಲದ 0ಯಿಂದ ತೀರಾ ನೋವಿನ 10ರವರೆಗೆ. ‘ಹೆಂಗದ ನಿನಗ?’ ಅಂದರೆ ಹೆದರಿದ ಮಗು ಅಳುವ ಮುಖಕ್ಕೇ ಬೆರಳಿಡುತ್ತದೆ. ‘ಎಷ್ಟು ನೋಯ್ತದ?’ ಅನ್ನಬೇಕು, ಅದೂ ಸೂಜಿಯ ಟ್ರೇ ಕಣ್ಣಿಗೆ ಬೀಳುವ ಮುಂಚೆ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ (2012) 26ನೇ ಸೆಕ್ಷನ್ ಹೇಳಿಕೆಯನ್ನು ಮಗು ಆಡಿದಂತೆಯೇ ಬರೆದುಕೊಳ್ಳಬೇಕು ಅನ್ನುತ್ತದೆ. ಮಗು ನಂಬುವವರು ಜೊತೆಗಿರಬೇಕು, ಬೇಕಿದ್ದರೆ ಅನುವಾದಕರೂ. ಜೊತೆಗಿರೋದು ಬೇರೆ, ಅನುವಾದಿಸೋದು ಬೇರೆ. ಇವೆರಡನ್ನೂ ಒಬ್ಬರಿಗೇ ಹೊರಿಸೋದು ನನ್ನ ಪ್ರಕಾರ ದೊಡ್ಡ ತಪ್ಪು. ತಾಯಿ ಅನುವಾದಕ್ಕೆ ಕೂತರೆ ನಾಚಿಕೆಯ ಮಾತು ನುಂಗುತ್ತಾಳೆ, ಮನೆಯವನ ಹೆಸರು ಬಂದರೆ ಅದನ್ನೂ.

‘ಅವನು ಇಲ್ಲಿ ಮುಟ್ಟಿದನಾ?’ ಬೇಡ. ಮಗು ದೊಡ್ಡವರಿಗೆ ಬೇಕಾದ ‘ಹೂಂ’ ಕೊಟ್ಟುಬಿಡುತ್ತದೆ. ‘ಏನಾತು ಹೇಳು’, ‘ಆಮ್ಯಾಗ?’ ಇಷ್ಟೇ ಸಾಕು. ಸುಮ್ಮನಾದರೆ ಹತ್ತು ಸೆಕೆಂಡಾದರೂ ಕಾಯಿರಿ. ಅದೇ ಪ್ರಶ್ನೆ ಮತ್ತೆ ಕೇಳಿದರೆ ಮೊದಲಿನ ಉತ್ತರ ತಪ್ಪಾಯಿತೇನೋ ಅಂದುಕೊಂಡು ಮಗು ಮಾತು ಬದಲಿಸುತ್ತದೆ. ‘ಯಾರಿಗೂ ಹೇಳಲ್ಲ’ ಅಂತ ಭಾಷೆ ಕೊಡಬೇಡಿ. 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಇದೇ ಕಾಯ್ದೆಯ 2020ರ ನಿಯಮಗಳಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಅನುವಾದಕರ ಪಟ್ಟಿ ಇಡಬೇಕು. ಪದವಿ ಬೇಕಿಲ್ಲ. ಮಗುವಿನ ಭಾಷೆಯೂ ರಾಜ್ಯದ ಭಾಷೆಯೂ ಬಂದರಾಯಿತು. ಮಾತೃಭಾಷೆಯಾಗಿಯೋ ಪ್ರಾಥಮಿಕ ಶಾಲೆಯಲ್ಲೋ ಕಲಿತಿದ್ದರೂ ನಡೆಯುತ್ತದೆ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ ಮರಾಠಿಯಲ್ಲಿ ಬೆಳೆದವರು ನಮ್ಮಲ್ಲಿ ಎಷ್ಟಿಲ್ಲ! ರಾಜ್ಯೋತ್ಸವಕ್ಕೆ ಶಾಲು-ಹಾರದ ಪಟ್ಟಿ ಮಾಡುವ ಸಂಘಗಳು ಈ ಪಟ್ಟಿಗೂ ನಾಲ್ಕು ಹೆಸರು ಕಳಿಸಲಿ, ಕಲಬುರಗಿ-ಬೀದರದ ಮಾತು ಬಲ್ಲವರು ಅದರಲ್ಲಿರಲಿ. ಹೋದವರು ಮಗುವಿನ ಮನೆಯವರ ಪರಿಚಯವಿದ್ದರೆ ಮೊದಲೇ ಹೇಳಿ ಹಿಂದೆ ಸರಿಯಬೇಕು. ಮಗುವಿರುವ ಚಾಳ್‌ನ (ಸಾಲುಮನೆಯ) ನೆರೆಯವರನ್ನಂತೂ ಕರೆಯಲೇಬಾರದು.