ಹೂಂಗುಟ್ಟೋಕೂ ಬರಲ್ವಾ?

ಇವತ್ತು ಬೆಳಿಗ್ಗೆ ಎರಡು ದೋಸೆ ಸೀದುಹೋದವು. ತಪ್ಪು ನನ್ನದಲ್ಲ, ರೇಡಿಯೊದ್ದು.

ಭಾನುವಾರ ನಮ್ಮನೆಯಲ್ಲಿ ಕಾವಲಿ ನನ್ನ ಕೈಗೆ ಬರುತ್ತದೆ, ನಿಮಗೆ ಗೊತ್ತೇ ಇದೆ. ಪಕ್ಕದಲ್ಲಿ ರೇಡಿಯೊ ಇರಲೇಬೇಕು. ಒಂದು ಎಫ್‌ಎಂನಲ್ಲಿ ಆ ಹೊತ್ತಿಗೆ ಸಂದರ್ಶನ ಬರುತ್ತದೆ. ಹೆಸರು ಹೇಳುವುದಿಲ್ಲ, ಅವರಿಗೆ ಪುಕ್ಕಟೆ ಪ್ರಚಾರ ಯಾಕೆ? ಅತಿಥಿ ಯಾರು ಅಂತ ಕೇಳುವ ಮೊದಲೇ ಹೇಳಿಬಿಡಬಹುದು. ಬರುವ ಶುಕ್ರವಾರ ಯಾರ ಸಿನಿಮಾ ಬಿಡುಗಡೆಯೋ ಅವರು. ಸಿನಿಮಾ ಇಲ್ಲದ ವಾರ ಕೂದಲು ಉದುರುವುದರ ಡಾಕ್ಟರು. ಅವರೂ ಸಿಗದಿದ್ದರೆ ಬದುಕುವುದು ಹೇಗೆ ಅಂತ ನಮಗೆ ಹೇಳಿಕೊಡುವವರು.

ಇವತ್ತು ಮಾತ್ರ ಕೊಡಗಿನ ಕಡೆಯ ಜೇನು ಸಾಕುವವರೊಬ್ಬರನ್ನು ಕರೆಸಿದ್ದರು. ದನಿ ಕೇಳಿದರೆ ಎಪ್ಪತ್ತರ ಮೇಲಿನವರು. ನಾನು ಸೌಟು ಹಿಡಿದು ಹಾಗೇ ನಿಂತೆ. ತುಡುವೆ ಜೇನು ಪೆಟ್ಟಿಗೆಗೆ ಒಗ್ಗುತ್ತದೆ, ಹೆಜ್ಜೇನು ಯಾರ ಮಾತೂ ಕೇಳುವುದಿಲ್ಲ ಅಂದರು. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ತೋಟ ಹೂ ಬಿಟ್ಟು ಬೆಳ್ಳಗಾಗುವುದನ್ನು ಹೇಳಿದರು. ಆಮೇಲೆ ದನಿ ಇಳಿಯಿತು. "1991–92ರಲ್ಲಿ ರೋಗ ಬಂತಮ್ಮಾ. ಹೋಗಿ ನೋಡಿದ್ರೆ ಒಂದೊಂದೇ ಪೆಟ್ಟಿಗೆ ಖಾಲಿ."

ನಿರೂಪಕಿ ಏನಂದಳು ಗೊತ್ತಾ? "ವಾವ್, ಸೋ ಸ್ವೀಟ್ ಅಂಕಲ್! ಈಗ ಜೇನಿನಂಥ ಒಂದು ಹಾಡು ಕೇಳ್ಕೊಂಡು ಬರೋಣ!"

ಹಾಡು ಮುಗಿಯಿತು. ವಾಪಸ್ ಬಂದರೆ ರೋಗವೂ ಇಲ್ಲ, ಖಾಲಿ ಪೆಟ್ಟಿಗೆಯೂ ಇಲ್ಲ. ರ‍್ಯಾಪಿಡ್ ಫೈರ್ ಶುರು. ಕಾಫಿನಾ, ಟೀನಾ? ನಿಮ್ಮ ಮೊದಲ ಕ್ರಶ್ ಯಾರು? "ಹಾಗಂದ್ರೇನಮ್ಮಾ?" ಅಂದರು ಪಾಪ. ಸ್ಟುಡಿಯೊ ತುಂಬಾ ನಗು. ದೋಸೆ ಸೀದದ್ದು ಆಗಲೇ.

ಅವರು ಹೇಳುತ್ತಿದ್ದದ್ದು ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಕಾಯಿಲೆ. ತುಡುವೆ ಹುಳುಗಳನ್ನು ಮರಿಯಲ್ಲೇ ಕೊಲ್ಲುತ್ತದೆ. ಆ ಹೊತ್ತಿನಲ್ಲಿ ದಕ್ಷಿಣ ಭಾರತದಲ್ಲಿ ತುಡುವೆ ಸಂಸಾರಗಳು ಹೆಚ್ಚುಕಡಿಮೆ ನಿರ್ನಾಮವಾದವು. ಕೊಡಗಿನ ಜೇನು ಅಂದರೆ ಊರೂರಲ್ಲಿ ಹೆಸರಿತ್ತಲ್ಲ, ಅದರ ಬೆನ್ನುಮೂಳೆ ಮುರಿದದ್ದು ಆಗ. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ, ಬೇರೆ ಗಿಡದ್ದು ಬೇಕು. ಹಾಗಾದರೆ ಹುಳುವೇ ಇಲ್ಲದ ಆ ವರ್ಷ ತೋಟ ಏನಾಯಿತು? ಮತ್ತೆ ಹುಳು ಎಲ್ಲಿಂದ ತಂದರು? ಎಷ್ಟು ಜನ ಪೆಟ್ಟಿಗೆ ಒಡೆದು ಸೌದೆ ಮಾಡಿದರು? ಆ ಹುಡುಗಿಗೆ ರೊಬಸ್ಟಾ ಗೊತ್ತಿರಬೇಕು ಅಂತ ನಾನು ಹೇಳುತ್ತಿಲ್ಲ. "ಆಮೇಲೆ?" ಅಂದಿದ್ದರೆ ಸಾಕಿತ್ತು. ಮೂರೇ ಅಕ್ಷರ.

ನಮ್ಮಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. "ಮಲಗಿದ್ರಾ?" ಅನ್ನುತ್ತಿದ್ದರು. ಐದು ವರ್ಷದ ಮಕ್ಕಳಿಗೆ ಗೊತ್ತಿದ್ದ ವಿದ್ಯೆ ಇದು.

ಅತಿಥಿ ಸಿನಿಮಾದವರಾದರೂ ನನಗೇನೂ ತಕರಾರಿಲ್ಲ. ಹೋದ ತಿಂಗಳು ಒಬ್ಬ ನಟ ಅದೇ ಕಾರ್ಯಕ್ರಮದಲ್ಲಿ, ಎರಡು ವರ್ಷ ಅಪ್ಪನ ಜೊತೆ ಮಾತು ಬಿಟ್ಟಿದ್ದೆ ಅಂದ. ಮುಂದಿನ ಪ್ರಶ್ನೆ: ನಿಮ್ಮ ಫಿಟ್‌ನೆಸ್ ಗುಟ್ಟೇನು?

ಅಕ್ಕನ ಮಗ ರೇಡಿಯೊದಲ್ಲೇ ಕೆಲಸ ಮಾಡುತ್ತಾನೆ. ಫೋನ್ ಮಾಡಿ ಬೈದೆ. "ಮಾವ, ನಾಲ್ಕು ನಿಮಿಷದ ಮೇಲೆ ಮಾತಾಡಿದ್ರೆ ಜನ ಸ್ಟೇಷನ್ ಬದಲಾಯಿಸ್ತಾರೆ. ಆಮೇಲೆ ಜಾಹೀರಾತು ಯಾರು ಕೊಡ್ತಾರೆ?" ಅಂದ. ಇದೇ ಮಹಾಶಯ ಎರಡೆರಡು ಗಂಟೆಯ ಪಾಡ್‌ಕಾಸ್ಟ್ ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಾನೆ! ಅಲ್ಲಪ್ಪಾ, ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವ ಹಾಗಿಲ್ಲ, ಹಾಡು ಎಲ್ಲರ ಮೊಬೈಲಲ್ಲೂ ಇದೆ. ನಿಮ್ಮ ಹತ್ತಿರ ಉಳಿದಿರುವುದು ಮಾತು ಒಂದೇ. ಹಾಡು ಹಾಕಲೇಬೇಕು ಅಂತೀರಾ, ಹಾಕಿ. ಬಿಬಿಸಿಯ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' 1942ರಲ್ಲಿ ಶುರುವಾದದ್ದು, ಇನ್ನೂ ಬರುತ್ತಿದೆ. ದ್ವೀಪದಲ್ಲಿ ಒಬ್ಬರೇ ಸಿಕ್ಕಿಹಾಕಿಕೊಂಡರೆ ಯಾವ ಎಂಟು ಹಾಡು ಬೇಕು ಅಂತ ಅತಿಥಿಯನ್ನೇ ಕೇಳುತ್ತಾರೆ. ಅಲ್ಲಿ ಹಾಡು ಮಾತನ್ನು ಕತ್ತರಿಸುವುದಿಲ್ಲ, ಎಳೆದು ತರುತ್ತದೆ.

ಅಷ್ಟು ದೂರ ಯಾಕೆ? ನಮ್ಮ ಮೈಸೂರಲ್ಲೇ 1935ರಲ್ಲಿ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಮನೆಯಿಂದಲೇ ಬಾನುಲಿ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಕೇಳಿಸಿಕೊಳ್ಳುವುದೇ ಕಸುಬಾಗಿದ್ದವರು, ಅಲ್ವಾ?

ಇಷ್ಟೆಲ್ಲ ಕೂಗಾಡುತ್ತಿರುವ ನಾನೇನು ಸಾಚಾ ಅಲ್ಲ. ಹಳೇ ಗೆಳೆಯರು ಕಾಮೆಂಟಲ್ಲಿ ಮಾನ ಕಳೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಆಕಾಶವಾಣಿಯ 'ಯುವವಾಣಿ'ಗೆ ಒಂದು ಸಂದರ್ಶನ ಮಾಡಿದ್ದೆ. ನಿವೃತ್ತ ಪೋಸ್ಟ್‌ಮ್ಯಾನ್. ಹತ್ತು ಪ್ರಶ್ನೆ ಹಾಳೆಯಲ್ಲಿ ದುಂಡಗೆ ಬರೆದುಕೊಂಡು ಹೋಗಿದ್ದೆ. ನಡುವೆ ಅವರು, "ಇಷ್ಟು ವರ್ಷದಲ್ಲಿ ಒಂದೇ ಒಂದು ಕಾಗದ ಮಾತ್ರ ನಾನು ಕೊಡಲಿಲ್ಲ ನೋಡಿ" ಅಂದರು. ಅಂದು ಸುಮ್ಮನಾದರು. ನನ್ನ ಕಣ್ಣು ಹಾಳೆಯ ಮೇಲಿತ್ತು. ಆರನೇ ಪ್ರಶ್ನೆ ಓದಿದೆ: "ಇಂದಿನ ಯುವಜನತೆಗೆ ನಿಮ್ಮ ಸಂದೇಶವೇನು?"

ಅವರು ಸಂದೇಶ ಕೊಟ್ಟರು. ಏನು ಅಂತ ಒಂದಕ್ಷರ ನೆನಪಿಲ್ಲ. ಆ ಕಾಗದ ಯಾರದ್ದು, ಯಾಕೆ ಕೊಡಲಿಲ್ಲ ಅನ್ನುವುದು ಮಾತ್ರ ಇವತ್ತಿಗೂ ರಾತ್ರಿ ನಿದ್ದೆ ಬಾರದಾಗ ಬಂದು ಕೂರುತ್ತದೆ. ಅವರೀಗ ಇಲ್ಲ.

ಜೇನಿನವರು ಇದ್ದಾರೆ. ಕೊಡಗಿನ ಗೆಳೆಯರೇ, ಇವತ್ತು ರೇಡಿಯೊದಲ್ಲಿ ಮಾತಾಡಿದ ಅವರನ್ನು ಬಲ್ಲವರಿದ್ದರೆ ಅವರನ್ನೊಂದು ಮಾತು ಕೇಳಿ, ಒಪ್ಪಿದರೆ ನನಗೆ ಇನ್‌ಬಾಕ್ಸ್ ಮಾಡಿ. ಬಸ್ಸು ಹತ್ತಿ ನಾನೇ ಬರುತ್ತೇನೆ. ಹಾಳೆ ತರುವುದಿಲ್ಲ.